ಅಂಗಡಿಗೆ ಹೋಗುವ ಮುನ್ನ ಮಕ್ಕಳ ಫೋನಿನ ಗ್ಯಾಲರಿ ನೋಡಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನನ್ನ ಅಂಗಡಿಗೆ ರಿಪೇರಿಗಿಂತ ವಿಚಾರಿಸಲು ಬರುವವರೇ ಹೆಚ್ಚು. "ಕ್ಯಾಮೆರಾ ಕೊಡಿಸ್ತೇನೆ ಅಂತ ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದೇನೆ. ಸಣ್ಣ ಕ್ಯಾಮೆರಾ ಸಾಕಾ, ಡಿಎಸ್‌ಎಲ್‌ಆರೇ ಬೇಕಾ?" ಡಿಎಸ್‌ಎಲ್‌ಆರ್ ಎಂದರೆ ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ. ನಾನು ಕ್ಯಾಮೆರಾ ಮಾರುವುದಿಲ್ಲ, ಕೆಟ್ಟದ್ದನ್ನು ಬಿಚ್ಚಿ ಸರಿಮಾಡುತ್ತೇನೆ. ಹಾಗಾಗಿ ಉಡುಗೊರೆ ಕೊಟ್ಟ ದಿನದ ಸಂಭ್ರಮ ನನಗೆ ಕಾಣುವುದಿಲ್ಲ, ಮೂರು ವರ್ಷದ ನಂತರದ ಸ್ಥಿತಿ ಕಾಣುತ್ತದೆ. ಲೆನ್ಸಿನೊಳಗೆ ಜೇಡರಬಲೆಯಂತೆ ಫಂಗಸ್ ಹಬ್ಬಿರುತ್ತದೆ, ಲೆಕ್ಕ ತೆಗೆದರೆ ಒಟ್ಟು ತೆಗೆದ ಫೋಟೊ 900. ಅಂಥದ್ದನ್ನು ಬಿಚ್ಚುವಾಗ ನಿಜಕ್ಕೂ ಸಂಕಟವಾಗುತ್ತದೆ.

ಅದಕ್ಕೇ ಬಂದವರಿಗೆ ಮೊದಲು ಹೇಳುವುದು: ಮಗಳನ್ನು ಕರೆದುಕೊಂಡು ಬನ್ನಿ, ಅವಳ ಫೋನೂ ಇರಲಿ. ಅವಳು ಒಪ್ಪಿದರೆ ಕೊನೆಯ ಇನ್ನೂರು ಫೋಟೊ ಒಟ್ಟಿಗೆ ನೋಡುತ್ತೇವೆ. ಚೆನ್ನಾಗಿ ಬಂದವುಗಳಿಗಿಂತ, ಹಾಳಾಗಿದ್ದರೂ ಅಳಿಸಲು ಮನಸ್ಸು ಬಾರದೆ ಉಳಿಸಿಕೊಂಡವುಗಳ ಮೇಲೆ ನನ್ನ ಕಣ್ಣು. ಯಾವ ಕ್ಯಾಮೆರಾ ಬೇಕು ಎಂಬುದನ್ನು ಅವೇ ಹೇಳುತ್ತವೆ.

ಒಬ್ಬಳು ಹುಡುಗಿಯ ಫೋನಿನ ತುಂಬ ಯಕ್ಷಗಾನ. ಊರಿಗೆ ಮೇಳ ಬಂದರೆ ಬೆಳಗಿನವರೆಗೂ ವೇಷ ಕಟ್ಟುವ ಚೌಕಿಯ ಬಳಿ, ರಂಗಸ್ಥಳದ ಮುಂದೆ ಇರುವವಳು. ಬಣ್ಣ ಹಚ್ಚುವ ಫೋಟೊಗಳು ಸುಂದರವಾಗಿದ್ದವು. ದಿಗಿಣ ಹಾರುವ ವೇಷ ಮಾತ್ರ ಪ್ರತಿಯೊಂದರಲ್ಲೂ ಬಣ್ಣದ ಮಬ್ಬು. ಇದು ಬೆಳಕಿನ ಕೊರತೆ. ಹಾರುವ ಕಾಲು ಸ್ಪಷ್ಟವಾಗಿ ನಿಲ್ಲಬೇಕಾದರೆ ಷಟರ್ ಸೆಕೆಂಡಿನ 1/500ರಷ್ಟಾದರೂ ವೇಗದಲ್ಲಿ ಮುಚ್ಚಬೇಕು. ಅಷ್ಟರೊಳಗೆ ಸಾಕಷ್ಟು ಬೆಳಕು ಒಳಬರಬೇಕು.

ಇಲ್ಲಿ ಡಿಎಸ್‌ಎಲ್‌ಆರ್‌ಗೆ ನಿಜವಾದ ಬಲವಿದೆ. ಸಾಮಾನ್ಯ ಕಾಂಪ್ಯಾಕ್ಟ್, ಅಂದರೆ ಜೇಬಿನ ಸಣ್ಣ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಅಂದರೆ ಕಿರುಬೆರಳ ಉಗುರಿಗಿಂತ ಚಿಕ್ಕದು. ಕೆನಾನ್ 1500ಡಿಯಂಥ ಆರಂಭಿಕ ಡಿಎಸ್‌ಎಲ್‌ಆರ್‌ನದು 22.3 ಮತ್ತು 14.9 ಮಿ.ಮೀ. ವಿಸ್ತೀರ್ಣದಲ್ಲಿ ಹನ್ನೊಂದು ಪಟ್ಟಿಗೂ ಹೆಚ್ಚು. ಮಳೆಗೆ ಲೋಟ ಇಡುವುದಕ್ಕೂ ಬಾನಿ ಇಡುವುದಕ್ಕೂ ಇರುವ ವ್ಯತ್ಯಾಸ. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ, ಏರಿಸಿದರೂ ಚಿತ್ರ ಅಷ್ಟು ಬೇಗ ಕಾಳುಕಾಳಾಗುವುದಿಲ್ಲ.

ಆದರೆ ಡಬ್ಬಿಯಲ್ಲಿ ಬರುವ 18-55 ಕಿಟ್ ಲೆನ್ಸ್ ಹಾಕಿಕೊಂಡೇ ಆ ಹುಡುಗಿ ರಂಗಸ್ಥಳದ ಮುಂದೆ ಕೂತರೆ ಮತ್ತೆ ನಿರಾಸೆ. ಅದನ್ನು ಪೂರ್ತಿ ಮುಂದಕ್ಕೆ ಚಾಚಿದಾಗ ಬಾಯಿ ತೆರೆಯುವುದು ಎಫ್ 5.6ರಷ್ಟೇ. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. 50 ಮಿ.ಮೀ.ಯ ಎಫ್ 1.8 ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ 1/100 ಸಿಗುವ ಜಾಗದಲ್ಲಿ ಇದರಲ್ಲಿ 1/1000 ಸಿಗುತ್ತದೆ. ಕೆನಾನ್‌ನ ಆ ಲೆನ್ಸ್ ತೂಗುವುದು 160 ಗ್ರಾಂ, ಅವರ ಲೆನ್ಸ್‌ಗಳಲ್ಲೆಲ್ಲ ಅಗ್ಗದವುಗಳಲ್ಲೊಂದು. ಹಾಗಾಗಿ ನಾನು ಹೇಳಿದ್ದು: ಹೊಸ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬೇಡ. ಸೆಕೆಂಡ್ ಹ್ಯಾಂಡ್ ಬಾಡಿ ತೆಗೆದುಕೊಳ್ಳಿ, ಉಳಿದ ದುಡ್ಡಿನಲ್ಲಿ ಈ ಲೆನ್ಸ್.

ತಂದೆಗೆ ಇದು ಅಷ್ಟು ಹಿಡಿಸಲಿಲ್ಲ, ಮಗಳಿಗೆ ಹಳೆಯದು ಕೊಡುವುದು ಹೇಗೆ ಎಂಬ ಸಂಕೋಚ. ಅವರು ಕೇಳಿದ ಇನ್ನೊಂದು ಮಾತು ನ್ಯಾಯವಾದದ್ದೇ: ಕಂಪನಿಗಳೇ ಡಿಎಸ್‌ಎಲ್‌ಆರ್ ಕೈಬಿಡುತ್ತಿವೆಯಲ್ಲ? ಹೌದು. ನಿಕಾನ್, ಕೆನಾನ್ ಎರಡೂ 2018ರಲ್ಲಿ ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆಂದು ಲೆನ್ಸ್ ಕೂರಿಸುವ ಹೊಸ ಮೌಂಟ್ ತಂದವು, ಅವರ ಹೊಸ ಲೆನ್ಸ್‌ಗಳೆಲ್ಲ ಈಗ ಅದಕ್ಕೇ. ನನ್ನ ಲೆಕ್ಕದಲ್ಲಿ ಕಲಿಯುವ ಮಕ್ಕಳಿಗೆ ಇದರಿಂದ ಅನುಕೂಲವೇ ಆಗಿದೆ. ದೊಡ್ಡವರು ಮಾರಿದ ಒಳ್ಳೆಯ ಬಾಡಿ, ಲೆನ್ಸ್‌ಗಳು ಕೈಗೆಟಕುವ ಬೆಲೆಗೆ ಸಿಗುತ್ತಿವೆ. ಕೆನಾನ್‌ನ ಹಳೆಯ ಲೆನ್ಸನ್ನು ಅಡಾಪ್ಟರ್ ಹಾಕಿ ಮುಂದೆ ಹೊಸ ಬಾಡಿಗೂ ಜೋಡಿಸಬಹುದು. ಕೊಳ್ಳುವಾಗ ಷಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಿ. ನಿಕಾನ್ ಆದರೆ ತಿದ್ದದ ಒಂದು ಜೆಪೆಗ್ ಫೋಟೊ ಕಳಿಸಲು ಹೇಳಿದರೆ ಸಾಕು, ಸಂಖ್ಯೆ ಫೈಲಿನೊಳಗೇ ಇರುತ್ತದೆ. ಕೆನಾನ್‌ನ ಆರಂಭಿಕ ಬಾಡಿಗಳಲ್ಲಿ ಹಾಗಿಲ್ಲ, ಬೇರೆ ಸಾಫ್ಟ್‌ವೇರ್ ಬೇಕು. ಮನೆಯಲ್ಲಿ ಚಿಕ್ಕಪ್ಪನ ಹಳೇ ನಿಕಾನ್ ಲೆನ್ಸ್ ಇದೆಯೆಂದು ಡಿ3500 ತೆಗೆದುಕೊಳ್ಳುವವರು ಒಂದು ವಿಷಯ ತಿಳಿದಿರಲಿ. ಆ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ತನ್ನದೇ ಮೋಟರ್ ಇಲ್ಲದ ಎಎಫ್-ಡಿ ಕಾಲದ ಲೆನ್ಸನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ.

ಇನ್ನೊಬ್ಬ ಹುಡುಗನ ಫೋನಿನಲ್ಲಿ ಬರೀ ಚುಕ್ಕೆಗಳು, ಎಲ್ಲ ದೂರದ ಹಕ್ಕಿಗಳು. "ಇದು ಮಂಗಟ್ಟೆ, ಇದು ಮೀಂಚುಳ್ಳಿ" ಎಂದು ಒಂದೊಂದನ್ನೂ ಹೆಸರಿಟ್ಟು ತೋರಿಸಿದ. ಅವನಿಗೆ ಕಿಟ್ ಲೆನ್ಸಿನ ಡಿಎಸ್‌ಎಲ್‌ಆರ್ ಕೊಡಿಸಿದರೆ ಅನ್ಯಾಯ. ಲೆನ್ಸಿನ ಮಿ.ಮೀ. ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. 55 ಮಿ.ಮೀ. ಎಂದರೆ ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 88 ಮಿ.ಮೀ. ಅಷ್ಟೇ, ಚುಕ್ಕೆ ಸ್ವಲ್ಪ ದೊಡ್ಡ ಚುಕ್ಕೆಯಾಗುತ್ತದೆ. ಅದೇ ಲೆಕ್ಕದಲ್ಲಿ ಕೆನಾನ್ ಎಸ್‌ಎಕ್ಸ್70ರಂಥ 65 ಪಟ್ಟು ಜೂಮಿನ ಕ್ಯಾಮೆರಾ 1365 ಮಿ.ಮೀ. ತನಕ ಹೋಗುತ್ತದೆ. ಅಷ್ಟು ದೂರ ಮುಟ್ಟುವ ಲೆನ್ಸನ್ನು ಡಿಎಸ್‌ಎಲ್‌ಆರ್‌ಗೆ ಹಾಕಲು ಹೊರಟರೆ ನಮ್ಮಂಥವರ ಮನೆಯ ಬಜೆಟ್ ತಾಳುವುದಿಲ್ಲ. ಕೊಂಬೆಯ ಮೇಲೆ ಕೂತ ಹಕ್ಕಿಯ ಕಣ್ಣು, ಕೊಕ್ಕು, ಗರಿಯ ಬಣ್ಣ ಬಿಸಿಲಿನಲ್ಲಿ ಚೆನ್ನಾಗಿ ಸಿಗುತ್ತದೆ. ಮುಸ್ಸಂಜೆಯಲ್ಲಿ ಸಿಗುವುದಿಲ್ಲ, ಹಾರುವ ಹಕ್ಕಿಯ ಮೇಲೆ ಫೋಕಸ್ ನಿಲ್ಲುವುದೂ ಕಷ್ಟ. ಹಕ್ಕಿ ಗುರುತಿಸುವುದೇ ಸಂತೋಷವಾಗಿರುವ ಹುಡುಗನಿಗೆ ಇದು ಸಾಕು. ಅದನ್ನೇ ಕೊಡಿಸಿದರು.

ಗೆಳತಿಯರು, ಊಟ, ಕಾಲೇಜ್ ಡೇ, ಅದೂ ಎಲ್ಲ ಚೆನ್ನಾಗಿಯೇ ಬಂದಿವೆ ಎಂದಾದರೆ ಈಗಲೇ ಏನೂ ಕೊಡಿಸಬೇಡಿ ಎನ್ನುತ್ತೇನೆ. ಫೋನಿಗಿಂತ ಹೆಚ್ಚೇನನ್ನೂ ಸಣ್ಣ ಸೆನ್ಸರಿನ ಜೇಬಿನ ಕ್ಯಾಮೆರಾ ಕೊಡದು.

ರಿಪೇರಿಯವನಾಗಿ ಇನ್ನೊಂದು ಮಾತು. ಕಾಂಪ್ಯಾಕ್ಟ್‌ನ ಲೆನ್ಸ್ ಸ್ವಿಚ್ ಒತ್ತಿದರೆ ಹೊರಬಂದು, ಮತ್ತೆ ಒಳಸೇರುತ್ತದೆ. ಸಮುದ್ರ ತೀರದ ನಾಲ್ಕು ಕಣ ಮರಳು ಆ ಸಂದಿಗೆ ಹೋದರೆ ಮುಗಿಯಿತು, ಪರದೆಯ ಮೇಲೆ 'ಲೆನ್ಸ್ ಎರರ್'. ಎಷ್ಟೋ ಸಲ ಅದರ ರಿಪೇರಿ ಕ್ಯಾಮೆರಾದ ಬೆಲೆಗೇ ಸಮವಾಗುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಕೆಟ್ಟ ಲೆನ್ಸನ್ನು ಕಳಚಿಟ್ಟು ಬೇರೆ ಹಾಕಿಕೊಳ್ಳಬಹುದು. ಹದಿನೈದರ ಕೈಯಲ್ಲಿ ಕ್ಯಾಮೆರಾ ಒಮ್ಮೆಯಾದರೂ ಬೀಳುತ್ತದೆ, ಅದಕ್ಕೆ ಬೈಯಬೇಡಿ.

ಬಿದ್ದದ್ದಕ್ಕಿಂತ ಕರಾವಳಿ, ಮಲೆನಾಡಿನಲ್ಲಿ ಕ್ಯಾಮೆರಾ ಹಾಳಾಗುವುದು ಬೀರುವಿನೊಳಗೆ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಬೆನ್ನಿಗೇ ಮಳೆ, ಕ್ಯಾಮೆರಾ ಬಟ್ಟೆಯ ಬ್ಯಾಗಿನಲ್ಲಿ ಮಲಗುತ್ತದೆ. ದೀಪಾವಳಿಗೆ ತೆಗೆದು ನೋಡಿದರೆ ಗಾಜಿನ ತುಂಬ ಫಂಗಸ್. ಅದು ಕೋಟಿಂಗನ್ನು ತಿಂದಿದ್ದರೆ ನಾನು ಎಷ್ಟು ಒರೆಸಿದರೂ ಕಲೆ ಹೋಗುವುದಿಲ್ಲ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಮತ್ತು ಬಣ್ಣ ಬದಲಾಗುವ ಸಿಲಿಕಾ ಜೆಲ್ ಸಾಕು. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ, ಬಿಸಿಮಾಡಿ ಒಣಗಿಸಿದರೆ ಮತ್ತೆ ನೀಲಿ. ಯಕ್ಷಗಾನದ ಹುಡುಗಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ಡಬ್ಬಿ ತೆರೆದು, ಮನೆಯ ಬೆಕ್ಕಿನದೋ ಅಜ್ಜಿಯದೋ ಹತ್ತು ಫೋಟೊ ತೆಗೆದು ಮತ್ತೆ ಮುಚ್ಚಿಡುತ್ತಾಳಂತೆ. ಕಳೆದ ವಾರ ಸೆನ್ಸರಿನ ಧೂಳು ತೆಗೆಸಲು ಬಂದಿದ್ದಳು. ಲೆನ್ಸನ್ನು ಟಾರ್ಚ್ ಬೆಳಕಿಗೆ ಹಿಡಿದು ನೋಡಿದೆ, ಗಾಜು ಶುಭ್ರವಾಗಿತ್ತು.