ಕಾಸಾಬ್ಲಾಂಕಾ: ಇದರಲ್ಲಿ ಯುದ್ಧ ಎಲ್ಲಿದೆ?

ನಿನ್ನೆ ರಾತ್ರಿ ತುಮಕೂರಿನ ನಮ್ಮ ರೂಮಿನಲ್ಲಿ ನಾಲ್ಕು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು 'ಕಾಸಾಬ್ಲಾಂಕಾ' ಸಿನಿಮಾ ನೋಡಿದೆವು. ಕ್ಯಾತ್ಸಂದ್ರದಿಂದ ಕಟ್ಟಿಸಿಕೊಂಡು ಬಂದ ತಟ್ಟೆ ಇಡ್ಲಿ ಆರಿಹೋಯಿತು. ಮುಗಿದ ಮೇಲೆ ಒಬ್ಬ ಕೇಳಿದ, "ಯುದ್ಧದ ಸಿನಿಮಾ ಅಂದೆಯಲ್ಲೋ, ಯುದ್ಧ ಎಲ್ಲಿ?" ಪರೀಕ್ಷೆಯಲ್ಲೂ ಹೆಚ್ಚುಕಡಿಮೆ ಇದನ್ನೇ ಕೇಳ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಬೇಗ ಮುಗಿಸೋಣ. 1942ರ ಸಿನಿಮಾ, ನಿರ್ದೇಶಕ ಮೈಕಲ್ ಕರ್ಟಿಜ್. ರಿಕ್ ಪಾತ್ರ ಹಂಫ್ರಿ ಬೋಗಾರ್ಟ್, ಇಲ್ಸಾ ಪಾತ್ರ ಇಂಗ್ರಿಡ್ ಬರ್ಗ್‌ಮನ್. ಕತೆ ನಡೆಯುವುದು 1941ರ ಡಿಸೆಂಬರ್‌ನಲ್ಲಿ, ಮೊರಾಕ್ಕೋದಲ್ಲಿ. 1940ರ ಜೂನ್‌ನಲ್ಲಿ ಪ್ಯಾರಿಸ್ ಜರ್ಮನ್ನರ ಪಾಲಾಗಿದೆ. ಓಡಿಬಂದವರೆಲ್ಲ ಕಾಸಾಬ್ಲಾಂಕಾದಲ್ಲಿ ಸಿಕ್ಕಿಕೊಂಡಿದ್ದಾರೆ. ಲಿಸ್ಬನ್‌ಗೆ ಹೋದರೆ ಅಲ್ಲಿಂದ ಅಮೆರಿಕ, ಆದರೆ ಊರು ಬಿಡೋಕೆ ಕಾಗದ ಬೇಕು. ಶುಕ್ರವಾರ ಸಂಜೆ ನಮ್ಮ ಬಸ್ ಸ್ಟ್ಯಾಂಡಲ್ಲಿ ಬೆಂಗಳೂರು ಬಸ್‌ಗೆ ಕಾದ ಹಾಗಲ್ಲ ಇದು, ಇಲ್ಲಿ ಮುಂದಿನ ಬಸ್ಸೇ ಇಲ್ಲ. ಹಾಗಾಗಿ ಇಡೀ ಕತೆ ಎರಡು ಪ್ರಯಾಣಪತ್ರಗಳ ಸುತ್ತ ತಿರುಗುತ್ತದೆ. ಪತ್ರ ಎರಡು, ಪ್ರೀತಿಯಲ್ಲಿ ಸಿಕ್ಕಿಕೊಂಡವರು ಮೂವರು: ರಿಕ್, ಇಲ್ಸಾ, ನಾಜಿಗಳ ವಿರುದ್ಧ ಹೋರಾಡುವ ಅವಳ ಗಂಡ ಲಾಸ್ಲೊ.

ಈಗ ಮುಖ್ಯವಾದ ಸೀನ್. ರಿಕ್‌ನ ಹೋಟೆಲಲ್ಲಿ ಜರ್ಮನ್ ಅಧಿಕಾರಿಗಳು ಪಿಯಾನೊ ಸುತ್ತ ನಿಂತು ತಮ್ಮ ಹಾಡು ಹಾಡುತ್ತಿದ್ದಾರೆ. ಲಾಸ್ಲೊ ಸೀದಾ ಬ್ಯಾಂಡ್ ಹತ್ತಿರ ಹೋಗಿ ಫ್ರಾನ್ಸ್‌ನ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ಬ್ಯಾಂಡಿನವರು ರಿಕ್ ಕಡೆ ನೋಡುತ್ತಾರೆ. ಯಾರ ಉಸಾಬರಿಯೂ ಬೇಡ ಅಂತಿದ್ದ ಆ ಮನುಷ್ಯ ಸುಮ್ನೆ ತಲೆಯಾಡಿಸುತ್ತಾನೆ, ಅಷ್ಟೇ. ಒಂದೇ ಕ್ಷಣ! ಹೋಟೆಲೆಲ್ಲ ಎದ್ದು ಹಾಡುತ್ತದೆ, ಇಲ್ಸಾ ಕೂತಲ್ಲೇ ಗಂಡನನ್ನು ನೋಡುತ್ತಾಳೆ. ಅವನನ್ನು ಬಿಟ್ಟು ಬರೋದು ಯಾಕೆ ಕಷ್ಟ ಅಂತ ಆ ನೋಟದಲ್ಲೇ ಗೊತ್ತಾಗುತ್ತದೆ. ಕಣ್ಣೀರು ಹಾಕುತ್ತ ಹಾಡುವ ಯುವತಿ ಮ್ಯಾಡಲೀನ್ ಲೆಬೋ, ನಿಜಜೀವನದಲ್ಲೂ ಫ್ರಾನ್ಸ್ ಬಿಟ್ಟು ಓಡಿಬಂದವರು. ಇನ್ನೂ ತಮಾಷೆ ಅಂದರೆ, ನಾಜಿ ಮೇಜರ್ ಪಾತ್ರ ಮಾಡಿದ ಕಾನ್ರಾಡ್ ವೈಟ್ ಕೂಡ ನಾಜಿಗಳ ಕಾಟಕ್ಕೇ ಜರ್ಮನಿ ಬಿಟ್ಟವರು.

ಕೊನೆಗೆ ರಿಕ್ ಇಲ್ಸಾಳನ್ನು ಗಂಡನ ಜೊತೆ ವಿಮಾನ ಹತ್ತಿಸಿದ್ದಕ್ಕೆ ಎಲ್ಲರೂ 'ತ್ಯಾಗ' ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಸಾಲದು. ತಲೆಯಾಡಿಸಿದಾಗಲೇ ಅವನು ಒಂದು ಪಕ್ಷ ಸೇರಿಯಾಗಿತ್ತು, ಅಲ್ವಾ? ಉತ್ತರ ಅಲ್ಲಿಂದ ಶುರುಮಾಡಿ.

ಅಂದಹಾಗೆ, ಹಿಂದೆ ಕಾಣುವ ವಿಮಾನ ಚಿಕ್ಕದಾಗಿ ಮಾಡಿದ ಡಮ್ಮಿ. ದೊಡ್ಡದಾಗಿ ಕಾಣಲಿ ಅಂತ ಪಕ್ಕದಲ್ಲಿ ಗಿಡ್ಡ ಆಳುಗಳನ್ನು ನಿಲ್ಲಿಸಿದ್ದರಂತೆ. ಇದನ್ನು ಕೇಳಿ ನಮ್ಮವನು ಆ ಸೀನ್ ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದ. ಮಂಜು ಬಿಟ್ಟು ಅವನಿಗೆ ಇನ್ನೇನೂ ಕಾಣಲಿಲ್ಲ.