ಅಧ್ಯಯನ ಟಿಪ್ಪಣಿ: ತಂಡಕ್ಕೆ ವೆಬ್ ಫ್ರೇಮ್‌ವರ್ಕ್ ಆರಿಸುವುದು

ವೆಬ್ ಫ್ರೇಮ್‌ವರ್ಕ್ ಎಂದರೆ ಜಾಲತಾಣ ಕಟ್ಟಲು ಬೇಕಾದ ಸಾಮಾನ್ಯ ಭಾಗಗಳ ಸಿದ್ಧ ಚೌಕಟ್ಟು. ಒಂದೇ ಉದಾಹರಣೆ ಹಿಡಿಯೋಣ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಅಡಿಕೆ ಖರೀದಿ ಸಂಘಕ್ಕೆ ಜಾಲತಾಣ ಬೇಕು: ಕೃಷಿಕರ ಪಟ್ಟಿ, ತೂಕದ ಚೀಟಿ, ಕನ್ನಡ ಮತ್ತು ಮಲಯಾಳದಲ್ಲಿ ಬಿಲ್ಲು. ತಂಡದಲ್ಲಿ ಮೂವರು.

ಮೊದಲು ನೋಡಬೇಕಾದದ್ದು ಆ ಮೂವರಿಗೆ ಯಾವ ಭಾಷೆ ಕೈಹಿಡಿದಿದೆ ಎಂಬುದು. ಪೈಥಾನ್ ಆದರೆ ಜಾಂಗೋ, ಪಿಎಚ್‌ಪಿ ಆದರೆ ಲಾರಾವೆಲ್, ಜಾವಾ ಆದರೆ ಸ್ಪ್ರಿಂಗ್ ಬೂಟ್. ಮೂರರಲ್ಲೂ ಈ ಕೆಲಸ ಆಗುತ್ತದೆ. ಯಾವುದು ಸೆಕೆಂಡಿಗೆ ಎಷ್ಟು ವಿನಂತಿ ತಾಳುತ್ತದೆ ಎಂಬ ಪಟ್ಟಿಗಳನ್ನು ನೋಡುತ್ತಾ ಕೂರಬೇಡಿ. ಇಂಥ ತಾಣದಲ್ಲಿ ಹೊತ್ತು ಹೋಗುವುದು ಹೆಚ್ಚಾಗಿ ಡೇಟಾಬೇಸಿನಲ್ಲಿ. 50 ಚೀಟಿಗಳ ಪಟ್ಟಿ ತೋರಿಸುವಾಗ ಪ್ರತಿ ಚೀಟಿಗೂ ಕೃಷಿಕರ ಹೆಸರನ್ನು ಬೇರೆಯಾಗಿ ತಂದರೆ ಪಟ್ಟಿಗೆ ಒಂದು, ಹೆಸರುಗಳಿಗೆ 50, ಒಟ್ಟು 51 ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಆಗುತ್ತವೆ. ಜಾಂಗೋದಲ್ಲಿ ಚೀಟಿಯ ಜೊತೆಗೇ ಕೃಷಿಕರ ವಿವರವನ್ನೂ ತರುವ ಸೆಲೆಕ್ಟ್ ರಿಲೇಟೆಡ್ (select_related) ಬಳಸಿದರೆ ಒಂದೇ ಸಾಕು.

ಪೈಥಾನಿನ ಫ್ಲಾಸ್ಕ್, ನೋಡ್‌ನ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಎಕ್ಸ್‌ಪ್ರೆಸ್ ಎಂಬ ಫ್ರೇಮ್‌ವರ್ಕ್‌ಗಳು ಹಗುರ, ನಿಜ. ಆದರೆ ಲಾಗಿನ್, ಅನುಮತಿ, ಮೈಗ್ರೇಷನ್ (ಟೇಬಲ್‌ಗಳ ರಚನೆ ಬದಲಿಸುವ ವ್ಯವಸ್ಥೆ) ಎಲ್ಲವನ್ನೂ ನೀವೇ ಹುಡುಕಿ ಜೋಡಿಸಬೇಕು. ಜಾಂಗೋದಲ್ಲಿ ಇವುಗಳ ಜೊತೆಗೆ ಅಡ್ಮಿನ್ ಪುಟವೂ ಸಿದ್ಧವಾಗಿ ಬರುತ್ತದೆ. ಸಂಘದ ಗುಮಾಸ್ತರು ಮೊದಲ ವಾರದಲ್ಲೇ ಹೆಸರು ತುಂಬಿಸಲು ಶುರುಮಾಡಬಹುದು. ಮೂವರ ತಂಡಕ್ಕೆ ಇದು ದೊಡ್ಡ ಉಳಿತಾಯ.

ನಂತರ ಬೆಂಬಲದ ಅವಧಿ. ಜಾಂಗೋ 5.2 ದೀರ್ಘಾವಧಿ ಆವೃತ್ತಿ. 2025ರ ಏಪ್ರಿಲಿನಲ್ಲಿ ಬಂತು, ಭದ್ರತಾ ತಿದ್ದುಪಡಿ 2028ರ ಏಪ್ರಿಲ್‌ವರೆಗೆ. ಲಾರಾವೆಲ್‌ನ ಪ್ರತಿ ಆವೃತ್ತಿಗೆ ಭದ್ರತಾ ತಿದ್ದುಪಡಿ ಎರಡು ವರ್ಷ ಮಾತ್ರ. ತಾಣ ಕೊಟ್ಟ ಮೇಲೆ ವರ್ಷವರ್ಷ ಅಪ್‌ಗ್ರೇಡ್ ಮಾಡಲು ಯಾರಿದ್ದಾರೆ ಎಂದು ಈಗಲೇ ಕೇಳಿಕೊಳ್ಳಿ.

ನಮ್ಮ ಕಡೆಯವರು ವಿಶೇಷವಾಗಿ ಎಡವುವುದು ಲಿಪಿಯಲ್ಲಿ. ಹೆಸರಿನಿಂದ ಪುಟದ ವಿಳಾಸ ಮಾಡುವ ಜಾಂಗೋದ ಸ್ಲಗಿಫೈ, ಹಾಗೇ ಬಿಟ್ಟರೆ ಕನ್ನಡವನ್ನು ಪೂರ್ತಿ ಅಳಿಸುತ್ತದೆ. ಯೂನಿಕೋಡಿಗೆ (ಎಲ್ಲ ಲಿಪಿಗಳ ಅಕ್ಷರ ಸಂಕೇತ) ಅನುಮತಿ ಕೊಟ್ಟರೂ ‘ಕಾಸರಗೋಡು’ ಹೋಗಿ ‘ಕಸರಗಡ’ ಆಗುತ್ತದೆ, ಏಕೆಂದರೆ ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಸ್ವರಚಿಹ್ನೆಗಳನ್ನು ಅಕ್ಷರವೆಂದು ಎಣಿಸುವುದಿಲ್ಲ. ವಿಳಾಸದಲ್ಲಿ ಸದಸ್ಯತ್ವ ಸಂಖ್ಯೆ ಇಡುವುದೇ ಒಳ್ಳೆಯದು. ಬಿಲ್ಲಿನ ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆಯುವುದು ಇನ್ನೊಂದು ಕಾಟ: ಪಿಎಚ್‌ಪಿಯಲ್ಲಿ ಪಿಡಿಎಫ್ ಮಾಡುವ ಡೋಮ್‌ಪಿಡಿಎಫ್ ಅಕ್ಷರ ಕೂಡಿಸುವುದಿಲ್ಲ. ಪಿಎಚ್‌ಪಿಯದೇ ಇನ್ನೊಂದು ಸಾಧನ ಎಂಪಿಡಿಎಫ್‌ನಲ್ಲಿ ಫಾಂಟಿಗೆ ಒಟಿಎಲ್ (ಅಕ್ಷರ ಜೋಡಣೆಯ ನಿಯಮ ಬಳಸುವ) ಆಯ್ಕೆ ಕೊಟ್ಟರೆ ಕೂಡಿಸುತ್ತದೆ. ಪೈಥಾನಿನಲ್ಲಿ ವೀಸಿಪ್ರಿಂಟ್ ಸರಿಯಾಗಿ ಮಾಡುತ್ತದೆ. ನೋಡ್ ಆರಿಸುವವರು ಹಣವನ್ನು ಪೈಸೆಯ ಪೂರ್ಣಾಂಕವಾಗಿ ಇಡಿ, ಜಾವಾಸ್ಕ್ರಿಪ್ಟಿನ ಮಾಮೂಲಿ ಸಂಖ್ಯೆಯಲ್ಲಿ 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ.

ಕೊನೆಗೆ ಎರಡು ಫ್ರೇಮ್‌ವರ್ಕ್ ಉಳಿದರೆ ಒಂದೊಂದಕ್ಕೆ ಎರಡೆರಡು ದಿನ ಕೊಡಿ. ಕೃಷಿಕರನ್ನು ಸೇರಿಸುವುದು, ಚೀಟಿ ಬರೆಯುವುದು, ಎರಡೂ ಭಾಷೆಯಲ್ಲಿ ಬಿಲ್ಲು ಮುದ್ರಿಸುವುದು, ಇಷ್ಟೇ ಮಾಡಿ, ನಿಜವಾದ ಸರ್ವರಿಗೆ ಏರಿಸಿ. 10,000 ನಕಲಿ ಚೀಟಿ ತುಂಬಿಸಿ ಪಟ್ಟಿ ತೆರೆದು ನೋಡಿ. ಆಮೇಲೆ ಆ ಕೋಡ್ ಮುಟ್ಟದವರೊಬ್ಬರು ಚೀಟಿಗೆ ‘ಗೋಣಿಗಳ ಸಂಖ್ಯೆ’ ಎಂಬ ಹೊಸ ಕಾಲಂ ಸೇರಿಸಲಿ. ಟೇಬಲ್, ಫಾರ್ಮ್, ಬಿಲ್ಲು ಮೂರೂ ಬದಲಾಗಬೇಕು. ಅರ್ಧ ದಿನದಲ್ಲಿ ಅದು ಮುಗಿಯದಿದ್ದರೆ ಆ ಫ್ರೇಮ್‌ವರ್ಕ್ ನಿಮ್ಮ ತಂಡಕ್ಕೆ ಬೇಡ.