ಹಳೆ ಕಂಪ್ಯೂಟರ್ ಎರಡನೇ ಸ್ಕ್ರೀನ್ ಆಗಲು ಯಾಕೆ ಒಪ್ಪೋದಿಲ್ಲ?

ಲ್ಯಾಪ್‌ಟಾಪಿನ ಸ್ಕ್ರೀನ್ ಸಾಲುತ್ತಿಲ್ಲ. ಮನೆಯ ಮೂಲೆಯಲ್ಲಿ ಹತ್ತು ವರ್ಷ ಹಳೆಯ ಆಲ್-ಇನ್-ಒನ್ (ಸ್ಕ್ರೀನಿನ ಒಳಗೇ ಎಲ್ಲ ಇರುವ) ಕಂಪ್ಯೂಟರ್ ಧೂಳು ಹಿಡಿದು ಕೂತಿದೆ. ಅದರ ಸ್ಕ್ರೀನಿಗೆ ಇನ್ನೂ ಏನೂ ಆಗಿಲ್ಲ. ಎರಡರಲ್ಲೂ ಎಚ್‌ಡಿಎಂಐ ಪೋರ್ಟ್ ಇದೆ. ಒಂದು ಕೇಬಲ್ ತಂದು ಈ ತುದಿ ಇದಕ್ಕೆ, ಆ ತುದಿ ಅದಕ್ಕೆ ಸಿಕ್ಕಿಸಿದರೆ ಮುಗೀತು, ಅಲ್ವಾ?

ಸಿಕ್ಕಿಸಿ ನೋಡಿ, ಏನೂ ಆಗುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ‘ಡಿಟೆಕ್ಟ್’ ಒತ್ತಿದರೆ, ಬೇರೆ ಡಿಸ್‌ಪ್ಲೇ ಯಾವುದೂ ಸಿಗಲಿಲ್ಲ ಎನ್ನುತ್ತದೆ. ಆಮೇಲೆ ಶುರುವಾಗುತ್ತದೆ ಕೇಬಲ್ ಬದಲಿಸುವುದು, ಡ್ರೈವರ್ ಅಪ್‌ಡೇಟ್ ಮಾಡುವುದು, ರೀಸ್ಟಾರ್ಟ್ ಮಾಡುವುದು. ಪಾಪ, ಕೇಬಲ್ಲಿನದೂ ತಪ್ಪಿಲ್ಲ, ಡ್ರೈವರಿನದೂ ತಪ್ಪಿಲ್ಲ. ಎರಡು ಕಡೆಯೂ ಇರುವುದು ಚಿತ್ರ ಹೊರಗೆ ಕಳಿಸುವ ಪೋರ್ಟ್. ಎರಡು ನಲ್ಲಿಗಳನ್ನು ಒಂದು ಪೈಪಿನಿಂದ ಜೋಡಿಸಿದ ಹಾಗಾಯಿತು ಇದು.

ಕೇಬಲ್ಲಿನ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಎಚ್‌ಡಿಎಂಐ ಪ್ಲಗ್ಗಿನಲ್ಲಿ 19 ಪಿನ್‌ಗಳಿವೆ. ಲ್ಯಾಪ್‌ಟಾಪ್ ಮೊದಲು 18ನೇ ಪಿನ್ನಿನಲ್ಲಿ 5 ವೋಲ್ಟ್ ಕೊಡುತ್ತದೆ. ಆ ಕಡೆ ನಿಜವಾದ ಮಾನಿಟರ್ ಇದ್ದರೆ 19ನೇ ಪಿನ್ನಿನ ವೋಲ್ಟೇಜನ್ನು ಮೇಲಕ್ಕೆತ್ತುತ್ತದೆ. ‘ನಾನಿದ್ದೇನೆ’ ಎನ್ನುವ ಉತ್ತರ ಅದು. ಉತ್ತರ ಬಂತು ಎಂದರೆ ಲ್ಯಾಪ್‌ಟಾಪ್ 15 ಮತ್ತು 16ನೇ ಪಿನ್‌ಗಳ ಮೂಲಕ ಮಾನಿಟರಿನ ಪರಿಚಯಪತ್ರ ಓದುತ್ತದೆ. ಇದಕ್ಕೆ ಇಡಿಐಡಿ ಎಂದು ಹೆಸರು. ಮೂಲ ಗಾತ್ರ 128 ಬೈಟ್, ಅಷ್ಟೇ. ತಯಾರಕರ ಮೂರಕ್ಷರದ ಗುರುತು, ತಯಾರಾದ ವರ್ಷ, ಸ್ಕ್ರೀನ್ ಎಷ್ಟು ಸೆಂಟಿಮೀಟರ್ ಅಗಲ, ಯಾವ ರೆಸಲ್ಯೂಶನ್ ಅದಕ್ಕೆ ಹೊಂದುತ್ತದೆ ಎನ್ನುವುದೆಲ್ಲ ಅದರಲ್ಲೇ ಇರುತ್ತದೆ. ಇದನ್ನು ಓದಿದ ಮೇಲೆಯೇ ಚಿತ್ರ ಹೊರಡುವುದು.

ಎರಡು ಕಂಪ್ಯೂಟರ್‌ಗಳನ್ನು ಜೋಡಿಸಿದಾಗ ಎರಡೂ 5 ವೋಲ್ಟ್ ಕೊಟ್ಟು ಉತ್ತರಕ್ಕೆ ಕಾಯುತ್ತವೆ. ಉತ್ತರ ಕೊಡುವವರು ಯಾರೂ ಇಲ್ಲ. ಆದ್ದರಿಂದ ಯಾವ ಸಾಫ್ಟ್‌ವೇರ್ ಹಾಕಿದರೂ ಆ ಕೇಬಲ್ಲಿನಲ್ಲಿ ಚಿತ್ರ ಹರಿಯುವುದಿಲ್ಲ. ಹಳೆ ಕಂಪ್ಯೂಟರಿನ ಒಳಗೆ ಚಿತ್ರ ತೆಗೆದುಕೊಳ್ಳುವ ಸರ್ಕ್ಯೂಟೇ ಇಲ್ಲ.

ನಿಮ್ಮದು ಆಲ್-ಇನ್-ಒನ್ ಅಲ್ಲ, ನಾವೆಲ್ಲ ಸಿಪಿಯು ಎಂದು ಕರೆಯುವ ದೊಡ್ಡ ಡಬ್ಬಿ, ಪಕ್ಕದಲ್ಲಿ ಬೇರೆ ಮಾನಿಟರ್ ಇದೆ ಎಂದಾದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಡಬ್ಬಿಯನ್ನು ಮರೆತುಬಿಡಿ. ಅದರ ಹಿಂದಿನಿಂದ ಮಾನಿಟರ್ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಹಾಕಿ. ಮಾನಿಟರಿನಲ್ಲಿ 15 ಪಿನ್ನಿನ ನೀಲಿ ವಿಜಿಎ ಮಾತ್ರ ಇದ್ದರೆ ನಡುವೆ ಒಂದು ಕನ್ವರ್ಟರ್ ಬೇಕು. ಅಂಗಡಿಯಲ್ಲಿ ಕೇಳುವಾಗ ‘ಎಚ್‌ಡಿಎಂಐ ಟು ವಿಜಿಎ’ ಎಂದೇ ಕೇಳಿ. ‘ವಿಜಿಎ ಟು ಎಚ್‌ಡಿಎಂಐ’ ಬೇರೆ ಸಾಮಾನು, ತಿರುಗಿಸಿ ಹಾಕಿದರೆ ನಡೆಯುವುದಿಲ್ಲ. ಕನ್ವರ್ಟರಿನೊಳಗೆ ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುವ ಪುಟ್ಟ ಚಿಪ್ ಇದೆ. ಅದು ಅದೇ 18ನೇ ಪಿನ್ನಿನ ಕರೆಂಟಿನಲ್ಲಿ ಬದುಕುತ್ತದೆ. ಆ ಪಿನ್ನಿನಲ್ಲಿ ಕನಿಷ್ಠ 55 ಮಿಲಿಆಂಪಿಯರ್ ಸಿಗಬೇಕು ಎಂದು ನಿಯಮವಿದೆ, ಅದಕ್ಕಿಂತ ಜಾಸ್ತಿ ಸಿಗುತ್ತದೆ ಎನ್ನುವ ಖಾತ್ರಿಯಿಲ್ಲ. ಚಿತ್ರ ಬಂದು ಬಂದು ಹೋಗುತ್ತಿದ್ದರೆ ಕನ್ವರ್ಟರಿನ ಪಕ್ಕದಲ್ಲಿ ಸಣ್ಣ ಯುಎಸ್‌ಬಿ ಕಿಂಡಿ ಇದೆಯಾ ನೋಡಿ. ಇದ್ದರೆ ಅಲ್ಲಿಂದ ಪವರ್ ಕೊಡಿ.

ಆಲ್-ಇನ್-ಒನ್‌ಗಳಲ್ಲೂ ಕೆಲವಕ್ಕೆ ಚಿತ್ರ ಒಳಗೆ ತೆಗೆದುಕೊಳ್ಳುವ ಪೋರ್ಟ್ ಇರುತ್ತದೆ. ಪೋರ್ಟಿನ ಪಕ್ಕದಲ್ಲಿ ‘ಇನ್’ ಎಂದು ಬರೆದಿದೆಯೇ, ಸ್ಕ್ರೀನಿನ ಅಂಚಿನಲ್ಲಿ ಸೋರ್ಸ್ ಬದಲಿಸುವ ಬಟನ್ ಇದೆಯೇ ಎಂದು ಟಾರ್ಚ್ ಹಿಡಿದು ನೋಡುವುದು ಮೊದಲ ಕೆಲಸ.

ಆ್ಯಪಲ್‌ನ ಐಮ್ಯಾಕ್ ಕಥೆ ಬೇರೆ. 2009ರ ಕೊನೆಯಲ್ಲಿ ಬಂದ 27 ಇಂಚಿನ ಐಮ್ಯಾಕ್‌ನಿಂದ 2014ರ ಮಧ್ಯದ ಮಾದರಿಗಳವರೆಗೆ ‘ಟಾರ್ಗೆಟ್ ಡಿಸ್‌ಪ್ಲೇ ಮೋಡ್’ ಎಂಬ ಸೌಲಭ್ಯವಿತ್ತು. ಐಮ್ಯಾಕ್‌ನ ಕೀಬೋರ್ಡಿನಲ್ಲಿ ಕಮಾಂಡ್ ಮತ್ತು ಎಫ್2 ಒತ್ತಿದರೆ ಅದು ಸುಮ್ನೆ ಮಾನಿಟರ್ ಆಗಿಬಿಡುತ್ತಿತ್ತು. ಇಲ್ಲೊಂದು ಮೋಸವಿದೆ. 2009 ಮತ್ತು 2010ರ 27 ಇಂಚಿನ ಮಾದರಿಗಳಿಗೆ ಮಿನಿ ಡಿಸ್‌ಪ್ಲೇಪೋರ್ಟ್ ಕೇಬಲ್ ಬೇಕು, 2011 ಮತ್ತು ಅದರ ನಂತರದವಕ್ಕೆ ಥಂಡರ್‌ಬೋಲ್ಟ್ ಕೇಬಲ್ಲೇ ಬೇಕು. ಎರಡರ ಮೂತಿಯೂ ಒಂದೇ ಆಕಾರ, ಒಂದರ ಕಿಂಡಿಗೆ ಇನ್ನೊಂದು ಸಲೀಸಾಗಿ ಕೂರುತ್ತದೆ, ಆದರೆ ಚಿತ್ರ ಬರುವುದಿಲ್ಲ. ಜತೆಗೆ ಐಮ್ಯಾಕ್‌ನಲ್ಲಿ ಹೈ ಸಿಯೆರಾ ಅಥವಾ ಅದಕ್ಕಿಂತ ಹಳೆಯ ಮ್ಯಾಕ್‌ಓಎಸ್ ಇರಬೇಕು. ಆ ಕಡೆ ಜೋಡಿಸುವ ಮ್ಯಾಕ್ 2019 ಅಥವಾ ಅದಕ್ಕಿಂತ ಹಿಂದಿನದಾಗಿರಬೇಕು, ಅದರಲ್ಲಿ ಕ್ಯಾಟಲಿನಾ ಅಥವಾ ಅದಕ್ಕಿಂತ ಹಳೆಯದು ಇರಬೇಕು. ಅಂದರೆ ಇವತ್ತು ಹೊಸ ಮ್ಯಾಕ್ ತಂದವರಿಗೆ ಈ ದಾರಿ ಮುಚ್ಚಿದೆ.

2014ರ ಕೊನೆಯಲ್ಲಿ 5ಕೆ ಸ್ಕ್ರೀನಿನ ಐಮ್ಯಾಕ್ ಬಂದಾಗ ಆ ಮಾದರಿಗೆ ಈ ಸೌಲಭ್ಯ ಇರಲಿಲ್ಲ. ಲೆಕ್ಕ ಹಾಕಿದರೆ ಅದರ ಕಷ್ಟ ಅರ್ಥವಾಗುತ್ತದೆ. 5120 ಅಡ್ಡ, 2880 ಉದ್ದ, ಒಂದೊಂದು ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 60 ಚಿತ್ರ. ಗುಣಿಸಿದರೆ ಸೆಕೆಂಡಿಗೆ 21 ಗಿಗಾಬಿಟ್ ದಾಟುತ್ತದೆ. ಆಗಿನ ಡಿಸ್‌ಪ್ಲೇಪೋರ್ಟ್ 1.2ರ ಒಂದು ಕೇಬಲ್ ಹೊರುತ್ತಿದ್ದದ್ದು 17.28 ಗಿಗಾಬಿಟ್.

ಇವು ಯಾವುದೂ ಇಲ್ಲದ ಮಾಮೂಲಿ ಆಲ್-ಇನ್-ಒನ್‌ಗೆ ಏನು ಮಾಡುವುದು? ಚಿತ್ರ ತೆಗೆದುಕೊಳ್ಳುವ ಒಂದು ಬಾಗಿಲನ್ನು ನಾವೇ ಮಾಡಿಕೊಡಬೇಕು. ಸುಲಭದ ಬಾಗಿಲು ಎಂದರೆ ಎಚ್‌ಡಿಎಂಐ ಕ್ಯಾಪ್ಚರ್ ಕಾರ್ಡ್. ಪೆನ್‌ಡ್ರೈವ್‌ನಷ್ಟೇ ಗಾತ್ರ. ಒಂದು ಕಡೆ ಲ್ಯಾಪ್‌ಟಾಪಿನ ಎಚ್‌ಡಿಎಂಐ, ಇನ್ನೊಂದು ಕಡೆ ಹಳೆ ಕಂಪ್ಯೂಟರಿನ ಯುಎಸ್‌ಬಿ. ಇದರೊಳಗೆ ಇಡಿಐಡಿ ಇರುವುದರಿಂದ ಲ್ಯಾಪ್‌ಟಾಪ್ ಇದನ್ನೇ ಮಾನಿಟರ್ ಎಂದು ನಂಬುತ್ತದೆ. ಹಳೆ ಕಂಪ್ಯೂಟರ್ ಇದನ್ನು ವೆಬ್‌ಕ್ಯಾಮ್ ಎಂದುಕೊಳ್ಳುತ್ತದೆ. ಅಲ್ಲಿ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ತೆರೆದು ಫುಲ್ ಸ್ಕ್ರೀನ್ ಮಾಡಿದರೆ ಆಯಿತು. ಆದರೆ ಡಬ್ಬಿಯ ಮೇಲೆ ‘4ಕೆ’ ಎಂದು ದೊಡ್ಡದಾಗಿ ಬರೆದಿರುವ ಅಗ್ಗದ ಕಾರ್ಡ್‌ಗಳನ್ನು ನೋಡಿ ಹಿಗ್ಗಬೇಡಿ. ಅವು 4ಕೆ ಒಳಗೆ ತೆಗೆದುಕೊಂಡರೂ ಹೊರಗೆ ಕೊಡುವುದು 1080 ಮಾತ್ರ. ಯುಎಸ್‌ಬಿ 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್, ಅದರಲ್ಲಿ ತುರುಕಲು ಚಿತ್ರವನ್ನು ಹಿಂಡಲೇಬೇಕು (ಕಂಪ್ರೆಸ್ ಮಾಡಲೇಬೇಕು). ಮೌಸ್ ಆಡಿಸಿದರೆ ಬಾಣ ಒಂದು ಕ್ಷಣ ತಡವಾಗಿ ಬರುತ್ತದೆ. ಪಿಡಿಎಫ್ ತೆರೆದಿಟ್ಟುಕೊಳ್ಳಲು ಸಾಕು, ಅಲ್ಲೇ ಕೂತು ಟೈಪ್ ಮಾಡಲು ಕಿರಿಕಿರಿ.

ನನಗೆ ಹೆಚ್ಚು ಇಷ್ಟವಾಗುವುದು ನೆಟ್‌ವರ್ಕ್ ದಾರಿ, ಅದಕ್ಕೆ ಹಳೆ ಮಶೀನ್ ಕೆಟ್ಟಿರಬಾರದು ಅಷ್ಟೆ. ಸ್ಪೇಸ್‌ಡೆಸ್ಕ್‌ನಂಥ ಸಾಫ್ಟ್‌ವೇರ್ ಲ್ಯಾಪ್‌ಟಾಪಿನಲ್ಲಿ ಇಲ್ಲದ ಮಾನಿಟರ್ ಒಂದನ್ನು ಸೃಷ್ಟಿಸಿ ಅದರ ಚಿತ್ರವನ್ನು ಕಳಿಸುತ್ತದೆ. ಈ ‘ಇಲ್ಲದ ಮಾನಿಟರ್’ ಮುಖ್ಯ. ಒಂದು ಕಂಪ್ಯೂಟರಿನ ಸ್ಕ್ರೀನನ್ನು ಇನ್ನೊಂದರಲ್ಲಿ ತೋರಿಸುವ ಮಾಮೂಲಿ ವಿಎನ್‌ಸಿ ಹಾಕಿದರೆ ಇರುವ ಸ್ಕ್ರೀನೇ ಆ ಕಡೆಯೂ ಕಾಣುತ್ತದೆ, ಜಾಗ ಜಾಸ್ತಿ ಆಗುವುದಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ‘ವೈರ್‌ಲೆಸ್ ಡಿಸ್‌ಪ್ಲೇ’ ಎಂಬ ಐಚ್ಛಿಕ ಫೀಚರ್ ಕೂಡ ಇದೆ. ಹಳೆ ಕಂಪ್ಯೂಟರಿನ ವೈಫೈ ಕಾರ್ಡ್ ಮತ್ತು ಗ್ರಾಫಿಕ್ಸ್ ಡ್ರೈವರ್ ಎರಡೂ ಒಪ್ಪಬೇಕು, ಬಹಳ ಹಳೆಯವು ಒಪ್ಪುವುದಿಲ್ಲ.

ಸಂಪರ್ಕವೇ ಆಗುತ್ತಿಲ್ಲ ಎಂದರೆ ಎರಡರ ಐಪಿ ವಿಳಾಸ ನೋಡಿ. ಒಂದು 192.168.1ರಿಂದ, ಇನ್ನೊಂದು 192.168.0ರಿಂದ ಶುರುವಾದರೆ ಅವು ಸಾಮಾನ್ಯವಾಗಿ ಬೇರೆ ಬೇರೆ ನೆಟ್‌ವರ್ಕಿನಲ್ಲಿವೆ. ಗೆಸ್ಟ್ ವೈಫೈಯಲ್ಲಿದ್ದರೆ ರೂಟರ್ ಬೇಕೆಂದೇ ಒಂದನ್ನೊಂದು ಕಾಣದಂತೆ ಮಾಡಿರಬಹುದು. ವಿಂಡೋಸ್‌ನಲ್ಲಿ ನಿಮ್ಮ ಮನೆಯ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದ್ದರೆ ಫೈರ್‌ವಾಲ್ ಬಾಗಿಲು ಹಾಕಿರುತ್ತದೆ, ‘ಪ್ರೈವೇಟ್’ ಮಾಡಿ.

ಸಂಪರ್ಕ ಆಯಿತು, ಆದರೆ ಚಿತ್ರ ತಡವರಿಸುತ್ತಿದೆಯೇ? ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ, ಅಡಾಪ್ಟರ್ ಸ್ಟೇಟಸ್‌ನಲ್ಲಿ ವೇಗ ಎಷ್ಟಿದೆ ನೋಡಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದರೂ 100 ಮೆಗಾಬಿಟ್ ತೋರಿಸುತ್ತಿದ್ದರೆ ಕೇಬಲ್ಲಿನ ಪ್ಲಗ್ಗನ್ನು ಬೆಳಕಿಗೆ ಹಿಡಿಯಿರಿ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಒಳಗೆ ನಾಲ್ಕೇ ಬಣ್ಣ ಕಂಡರೆ ಅಥವಾ ಒಂದು ತಂತಿ ಸರಿಯಾಗಿ ಕ್ರಿಂಪ್ ಆಗದಿದ್ದರೆ ವೇಗ 100ಕ್ಕೆ ಇಳಿಯುತ್ತದೆ. ಒಂದು 1080 ಸ್ಕ್ರೀನಿನ ಹಿಂಡದ ಚಿತ್ರ ಸೆಕೆಂಡಿಗೆ ಸುಮಾರು 3 ಗಿಗಾಬಿಟ್, ಅಂದರೆ 100 ಮೆಗಾಬಿಟ್‌ಗೆ ಇಳಿದ ತಂತಿ ಹೊರುವುದರ 30 ಪಟ್ಟು. ಹಾಗಾಗಿ ಹಿಂಡಿ ಕಳಿಸಿ, ಆ ಕಡೆ ಬಿಡಿಸುತ್ತಾರೆ. ಬಿಡಿಸುವ ಕೆಲಸ ಹಳೆ ಪ್ರೊಸೆಸರಿನದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು, ಅಂದರೆ ಆ ಪ್ರೊಸೆಸರ್, ನೂರರ ಹತ್ತಿರ ಕುಣಿಯುತ್ತಿದ್ದರೆ ರೆಸಲ್ಯೂಶನ್ ಇಳಿಸಿ ನೋಡಿ.

ಕಪ್ಪು ಹಿನ್ನೆಲೆಯ ಮೇಲಿನ ಕೆಂಪು ಅಕ್ಷರಗಳು ಅಂಚಿನಲ್ಲಿ ಮಸುಕಾಗಿ ಕಂಡರೆ ಸ್ಕ್ರೀನ್ ಹಾಳಾಗಿದೆ ಎಂದುಕೊಳ್ಳಬೇಡಿ. ವಿಡಿಯೊ ಹಿಂಡುವಾಗ ಹೊಳಪನ್ನು ಪ್ರತಿ ಚುಕ್ಕೆಗೂ ಇಟ್ಟು, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕೆಗೆ ಒಂದರಂತೆ ಇಡುವುದು ರೂಢಿ. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ, ಸಣ್ಣ ಅಕ್ಷರಗಳಲ್ಲಿ ಗೊತ್ತಾಗುತ್ತದೆ.

ಮದರ್‌ಬೋರ್ಡ್ ಸತ್ತು ಸ್ಕ್ರೀನ್ ಮಾತ್ರ ಉಳಿದಿದ್ದರೆ ಕೊನೆಯ ದಾರಿ, ಪ್ಯಾನೆಲ್ ಬಿಚ್ಚಿ ಅದಕ್ಕೆ ಹೊಂದುವ ಡಿಸ್‌ಪ್ಲೇ ಬೋರ್ಡ್ ಹಾಕುವುದು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ವಿಚಾರಿಸುವ ಮೊದಲು ಪ್ಯಾನೆಲ್ ಹಿಂದಿನ ಸ್ಟಿಕ್ಕರಿನಲ್ಲಿರುವ ಮಾದರಿ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಬೋರ್ಡಿನ ಮೇಲೆ 3.3, 5, 12 ವೋಲ್ಟ್ ಆಯ್ಕೆಯ ಜಂಪರ್ ಇರುತ್ತದೆ. 5 ವೋಲ್ಟ್ ಪ್ಯಾನೆಲಿಗೆ 12 ಕೊಟ್ಟರೆ ಇದ್ದ ಒಂದು ಸ್ಕ್ರೀನೂ ಹೋಯಿತು. ಹಿಂಬೆಳಕಿಗೆ ಎಲ್‌ಇಡಿ ಬದಲು ತೆಳು ಟ್ಯೂಬ್‌ಲೈಟ್ ಇರುವ ಹಳೆ ಪ್ಯಾನೆಲ್‌ಗಳಲ್ಲಿ ನೂರಾರು ವೋಲ್ಟ್ ಓಡುತ್ತಿರುತ್ತದೆ. ಅದನ್ನು ರಿಪೇರಿ ಗೊತ್ತಿರುವವರಿಗೆ ಬಿಡುವುದೇ ಸರಿ.

ನೆಟ್‌ವರ್ಕ್ ದಾರಿ ಹಿಡಿದವರಿಗೆ ಎಲ್ಲ ಸರಿಯಾದ ಮೇಲೂ ಒಂದು ತಂಟೆ ಉಳಿಯುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಹಳೆ ಕಂಪ್ಯೂಟರಿನ ಸ್ಕ್ರೀನ್ ತಾನಾಗಿ ಆರುತ್ತದೆ, ಜನ ಮತ್ತೆ ಕೇಬಲ್ ಅಲ್ಲಾಡಿಸುತ್ತಾರೆ. ಕೆಲಸವೆಲ್ಲ ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ ನಡೆಯುತ್ತಿದೆ. ತನ್ನ ಕೀಬೋರ್ಡನ್ನು ಯಾರೂ ಮುಟ್ಟುತ್ತಿಲ್ಲ ಎಂದು ಹಳೆಯದು ಸ್ಲೀಪ್‌ಗೆ ಹೋಗಿರುತ್ತದೆ. ಅದರ ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಮತ್ತು ಸ್ಲೀಪ್ ಎರಡನ್ನೂ ‘ನೆವರ್’ ಎಂದು ಇಡಿ, ಕೆಲಸ ಮುಗಿದಾಗ ನೀವೇ ಶಟ್‌ಡೌನ್ ಮಾಡಿ. ಒಂದು ಸ್ಕ್ರೀನಿಗಾಗಿ ಇಡೀ ಕಂಪ್ಯೂಟರ್ ಓಡುತ್ತಿರುವುದರಿಂದ ಇದು ಬರೀ ಮಾನಿಟರ್‌ಗಿಂತ ಜಾಸ್ತಿಯೇ ಕರೆಂಟ್ ತಿನ್ನುತ್ತದೆ.